ಒದೆಯುವ ಕೋವಿಗೆ ಎಂಥ ಹಿಡಿ?

ಕೆನೆತ್ ಆಂಡರ್ಸನ್ ಕಥೆಗಳನ್ನು ತೇಜಸ್ವಿಯವರ ಕನ್ನಡದಲ್ಲಿ ಓದಿ ಬೆಳೆದವರು ನಾವು. ಆತನ .405 ವಿಂಚೆಸ್ಟರ್ ರೈಫಲ್ ಬಗ್ಗೆ ಎಷ್ಟು ಬೇಕಾದರೂ ಹರಟುತ್ತೇವೆ. ಆದರೆ ಭುಜಕ್ಕೆ ಆನಿಸುವ ಮರದ ಹಿಡಿ, ಅದೇ ಸ್ಟಾಕ್, ಅದರ ಬಗ್ಗೆ ಯಾರೂ ಸೊಲ್ಲೆತ್ತಲ್ಲ. ನನ್ನ ತಕರಾರು ಇರೋದೇ ಅಲ್ಲಿ.

ಆ ಕೋವಿಯನ್ನೇ ತಗೊಳ್ಳಿ. ಜಾನ್ ಬ್ರೌನಿಂಗ್ ರೂಪಿಸಿದ 1895ರ ಮಾದರಿ. 1904ರಲ್ಲಿ ಅದಕ್ಕೆ .405 ತೋಟಾ ಬಂತು: ಸುಮಾರು 19 ಗ್ರಾಂ ತೂಕದ ಗುಂಡು, ಸೆಕೆಂಡಿಗೆ ಸುಮಾರು 670 ಮೀಟರ್ ವೇಗ. 1909ರಲ್ಲಿ ರೂಸ್‌ವೆಲ್ಟ್ ಆಫ್ರಿಕಾಕ್ಕೆ ಒಯ್ದದ್ದರಲ್ಲಿ ಇದೂ ಒಂದು. ಯಂತ್ರಕ್ಕೆ ಎರಡು ಮಾತಿಲ್ಲ. ಸ್ಟಾಕ್ ಮಾತ್ರ ಹಳೇ ಕಾಲದ್ದು. ನಳಿಗೆಯ ಸಾಲಿನಿಂದ ಬಹಳ ಕೆಳಕ್ಕೆ ಬಾಗಿದೆ, ಬುಡಕ್ಕೆ ಉಕ್ಕಿನ ಪಟ್ಟಿ. ಒದೆತ ಬರೋದು ನಳಿಗೆಯ ಸಾಲಿನಲ್ಲಿ, ಭುಜ ಇರೋದು ಅದರ ಕೆಳಗೆ. ಆ ಅಂತರ ಹೆಚ್ಚಿದಷ್ಟೂ ಮೂತಿ ಮೇಲಕ್ಕೆ ಹಾರುತ್ತೆ, ಮರ ಕೆನ್ನೆಗೆ ಬಡಿಯುತ್ತೆ. ಇನ್ನು ಬುಡ ಕಿರಿದಾದರೆ ಅಷ್ಟೂ ಒದೆತ ಒಂದೇ ಕಡೆ ಚುಚ್ಚುತ್ತೆ. ಲ್ಯಾಪ್‌ಟಾಪ್ ಬ್ಯಾಗಿನ ಪಟ್ಟಿ ಸಣ್ಣದಾದರೆ ಹೆಗಲು ನೋಯಲ್ವಾ, ಹಾಗೆ.

ಇದಕ್ಕೆ ತದ್ವಿರುದ್ಧ ಕ್ಯಾಲಿಫೋರ್ನಿಯಾದ ರಾಯ್ ವೆದರ್‌ಬಿಯ ಮಾಂಟೆ ಕಾರ್ಲೊ ಶೈಲಿ. ಥಳಥಳ ಪಾಲಿಶ್, ಎತ್ತರದ ಕೆನ್ನೆದಿಂಬು. ಶೋಕಿ ಅಂತ ಮೂಗು ಮುರಿಯುವವರಿದ್ದಾರೆ, ನಾನು ಒಪ್ಪಲ್ಲ. ಅದರ ಮೇಲಂಚು ಮುಂದಕ್ಕೆ ಇಳಿಜಾರಾಗಿದೆ. ಕೋವಿ ಹಿಂದಕ್ಕೆ ಒದ್ದಾಗ ಮರ ಕೆನ್ನೆಯಿಂದ ತಪ್ಪಿಸಿಕೊಳ್ಳುತ್ತೆ. ಇಳಿಜಾರು ಉಲ್ಟಾ ಇರುವ ನಕಲುಗಳು ಮಾತ್ರ ಕೆನ್ನೆಗೆ ಬೆಣೆಯಂತೆ ಹೊಡೆಯುತ್ತವೆ. ಆದರೆ ಈ ಎತ್ತರ ದುರ್ಬೀನಿಗೆ ಸರಿ. ಎಮ್ಮೆ, ಆನೆಯಂಥ ಪ್ರಾಣಿಗೆ ಹತ್ತಿರದಿಂದ ಹೊಡೆಯುವ .458ರಂಥ ಕೋವಿಯಲ್ಲಿ ಬರಿಗಣ್ಣಿನ ಗುರಿಗೆ ಮುಖ ತಗ್ಗಬೇಕು, ಅದಕ್ಕೆ ದಿಂಬೇ ಅಡ್ಡ.

ಹಾಗಾಗಿ ನನ್ನ ಓಟು ನೇರವಾದ ಕ್ಲಾಸಿಕ್ ಸ್ಟಾಕಿಗೆ. ಹೆಚ್ಚು ಬಾಗದ ಮರ, ಅಗಲ ಬುಡ, ಮೆತ್ತನೆ ರಬ್ಬರ್. ಒದೆತ ನೇರ ಭುಜಕ್ಕೆ ಬರುತ್ತೆ, ತಡೆಯಲು ಅದಕ್ಕಿಂತ ಗಟ್ಟಿ ಜಾಗ ಮೈಯಲ್ಲಿಲ್ಲ. ಉದ್ದವೂ ಹೊಂದಬೇಕು: ಗಿಡ್ಡವಾದರೆ ದುರ್ಬೀನು ಹುಬ್ಬು ಸೀಳುತ್ತೆ, ಉದ್ದವಾದರೆ ಎತ್ತುವಾಗ ಕಂಕುಳಿಗೆ ಸಿಕ್ಕಿಕೊಳ್ಳುತ್ತೆ.

ಇಷ್ಟೆಲ್ಲ ಬೇಟೆಗಾರನ ಕೆನ್ನೆ ಉಳಿಸೋಕೆ ಅಂದುಕೊಳ್ಳಬೇಡಿ. ಒದೆತಕ್ಕೆ ಹೆದರಿದವನು ಕುದುರೆ ಒತ್ತುವ ಮೊದಲೇ ಕಣ್ಣು ಮುಚ್ಚುತ್ತಾನೆ. ಎದೆಗೆ ಬೀಳಬೇಕಾದ ಗುಂಡು ಹೊಟ್ಟೆಗೆ ಬೀಳುತ್ತೆ. ಗಾಯಗೊಂಡ ಎಮ್ಮೆ ಪೊದೆಯಲ್ಲಿ ಕಾಯುತ್ತೆ. ಅದರ ಜಾಡು ಹಿಡಿದು ಮುಂದೆ ನಡೆಯೋನು ಹೆಚ್ಚಾಗಿ ಕೋವಿಯಿಲ್ಲದ ಜಾಡುಗಾರ. ನಮ್ಮಲ್ಲೂ ಅಷ್ಟೆ. ಗಾಯದಿಂದ ಬೇಟೆಯಾಡಲಾಗದೆ ಹುಲಿಗಳು ಮನುಷ್ಯರ ಮೇಲೆ ತಿರುಗಿದ್ದನ್ನು ಕಾರ್ಬೆಟ್ ಬರೆದಿದ್ದಾರೆ. 1972ರ ಕಾನೂನಿನ ನಂತರ ಇಲ್ಲಿ ಆ ಶಿಕಾರಿ ಮುಗಿಯಿತು, ಒಳ್ಳೇದೇ ಆಯ್ತು. ಬೇಟೆ ಇನ್ನೂ ನಡೆಯುವ ಕಡೆ ಮರದ ಅಂದ ನೋಡಿ ಕೋವಿ ಕೊಳ್ಳುವವರಿಗೆ ನಾನು ಹೇಳೋದಿಷ್ಟೆ: ಕೊಡಲಿಗೆ ಕಾವು ಹಾಕುವವನು ಕೂಡ ಮೊದಲು ಹಿಡಿಯುವವನ ಕೈ ನೋಡುತ್ತಾನೆ.