ಓಕ್ ಕಂಬಗಳ ಕಣಜ

ಇಂಗ್ಲೆಂಡಿನ ಗ್ರೇಟ್ ಕಾಕ್ಸ್‌ವೆಲ್ ಹಳ್ಳಿಯ ಕಣಜದ ಚೆಲುವು ಅಲಂಕಾರದಿಂದ ಬಂದದ್ದಲ್ಲ, ಅದು ಮಾಡಬೇಕಿದ್ದ ಕೆಲಸದಿಂದಲೇ ಹುಟ್ಟಿದ್ದು. ಬ್ಯೂಲಿ ಮಠದ ಸಿಸ್ಟರ್ಷಿಯನ್ ಸನ್ಯಾಸಿಗಳ ಜಮೀನಿನ ಬೆಳೆಗಾಗಿ 1292ರ ಸುಮಾರಿಗೆ ಎದ್ದ ಈ ಕಟ್ಟಡದ ಉದ್ದ ಸುಮಾರು 150 ಅಡಿ. ಒಳಗೆ ಓಕ್ ಕಂಬಗಳನ್ನು ನೆಲದಲ್ಲಿ ಹೂಳದೆ ಆಳೆತ್ತರದ ಕಲ್ಲುಪೀಠಗಳ ಮೇಲೆ ನಿಲ್ಲಿಸಿದ್ದಾರೆ. ಹಾಗಾಗಿ ನೆಲದ ತೇವ ಮರದ ಬುಡವನ್ನು ಮುಟ್ಟುವುದಿಲ್ಲ. ಕಲ್ಲುಚಪ್ಪಡಿ ಹೊದಿಸಿದ ಮಾಡಿನ ಭಾರ ತೊಲೆಗೆ, ಓರೆ ಆಸರೆಗೆ, ಕಂಬಕ್ಕೆ, ಕೊನೆಗೆ ಕಲ್ಲಿಗೆ ಇಳಿಯುವ ದಾರಿಯನ್ನು ಕಣ್ಣಿನಿಂದಲೇ ಹಿಂಬಾಲಿಸಬಹುದು. ಸಂದುಗಳನ್ನು ಬಿಗಿಹಿಡಿದಿರುವುದು ಮರದ ಗೂಟಗಳು!

ಇಲ್ಲಿ ತುಂಬಿದ ಸಿವುಡುಗಳು ಮಠದ ಸೊತ್ತು, ಕಣಜವನ್ನು ಮೆಚ್ಚಿದರೆ ಒಡೆಯರನ್ನು ಹೊಗಳಿದಂತಲ್ಲವೇ ಎಂಬ ಆಕ್ಷೇಪ ಕಡೆಗಣಿಸುವಂಥದ್ದಲ್ಲ. ಆದರೆ ಒಡೆತನ ಮಠದ್ದಾದರೂ ಕಚ್ಚು ಕೊರೆದ ಕೈ ಬಡಗಿಗಳದ್ದು. ಕುಶಲಕರ್ಮಿಗಳ ಪರ ಜೀವನವಿಡೀ ವಾದಿಸಿದ ವಿಲಿಯಂ ಮಾರಿಸ್ ಈ ಕಣಜವನ್ನು ಬಹಳ ಮೆಚ್ಚಿಕೊಂಡದ್ದು ಸಹಜವೇ.