ಆಧಾರಗಳೂ ಜನರೂ: ಹಾಬ್ರಾಕೆನರ ಗೃಹಸಿದ್ಧಾಂತದ ವಿಮರ್ಶೆ

ಗ್ರಂಥವೊಂದು ಭಾಷಾಂತರಗೊಳ್ಳುವಾಗ ಅದರ ಹೆಸರಿನಲ್ಲಾಗುವ ವ್ಯತ್ಯಾಸವು ಕೆಲವು ವೇಳೆ ಅದರ ಅರ್ಥಕ್ಕೊದಗುವ ಗತಿಯನ್ನೇ ಸೂಚಿಸುವುದುಂಟು. ನೆದರ್ಲೆಂಡ್ಸಿನ ವಾಸ್ತುಶಾಸ್ತ್ರಜ್ಞರಾದ ಎನ್. ಜಾನ್ ಹಾಬ್ರಾಕೆನರು (೧೯೨೮–೨೦೨೩) ೧೯೬೧ರಲ್ಲಿ ಡಚ್ ಭಾಷೆಯಲ್ಲಿ ಪ್ರಕಟಿಸಿದ ಗ್ರಂಥಕ್ಕೆ 'ಆಧಾರಗಳೂ ಜನರೂ' ಎಂದು ಹೆಸರು. 'ಸಾಮೂಹಿಕ ಗೃಹನಿರ್ಮಾಣದ ಅಂತ್ಯ' ಎಂಬುದು ಉಪಶೀರ್ಷಿಕೆ. ೧೯೭೨ರ ಇಂಗ್ಲಿಷ್ ಅನುವಾದದ ಹೆಸರಿನಲ್ಲಿ 'ಆಧಾರಗಳು' ಉಳಿದು 'ಜನರು' ಬಿದ್ದುಹೋದರು. 'ಅಂತ್ಯ'ವು 'ಪರ್ಯಾಯ'ವಾಗಿ ಮೃದುವಾಯಿತು. ಲೋಪವು ಅಲ್ಪವಾದುದೇ. ಆದರೂ ಗ್ರಂಥವನ್ನು ಮುಂದಿನವರು ಓದಿದ ರೀತಿಗೆ ಅದು ಮುನ್ಸೂಚನೆಯಂತಿದೆ.

ಎರಡನೆಯ ಮಹಾಯುದ್ಧದ ತರುವಾಯ ಆ ದೇಶದಲ್ಲಿ ಮನೆಗಳ ಅಭಾವವು ತೀವ್ರವಾಗಿದ್ದಿತು. ಅದನ್ನು ನೀಗಲು ಒಂದೇ ಅಚ್ಚಿನ ಮನೆಗಳು ಸಾಲುಸಾಲಾಗಿ ಎದ್ದವು. ಅವುಗಳ ನಿರ್ಮಾಣಕ್ರಮದಲ್ಲಿ ವಾಸಿಸತಕ್ಕವನಿಗೆ ಸ್ಥಾನವಿಲ್ಲದುದೇ ಹಾಬ್ರಾಕೆನರ ಮುಖ್ಯ ಆಕ್ಷೇಪಣೆ. ವಾಸವೆಂಬುದು ಒಂದು ಕ್ರಿಯೆ. ಅದನ್ನು ಸಿದ್ಧವಸ್ತುವಿನಂತೆ ಹಂಚಲಾಗದೆಂಬುದು ಅವರ ಮತ. ಆದಕಾರಣ ಅವರು ಕಟ್ಟಡವನ್ನು ಎರಡಾಗಿ ವಿಂಗಡಿಸುತ್ತಾರೆ. ಕಂಬ, ತೊಲೆ, ಮಹಡಿಯ ನೆಲ, ಮೆಟ್ಟಿಲು ಮೊದಲಾದುವು 'ಆಧಾರ'. ಇದು ಸಮಷ್ಟಿಗೆ ಸೇರಿದುದು, ದೀರ್ಘಾಯುವಾದುದು. ಒಳಗೋಡೆ, ಅಡಿಗೆಮನೆ, ಸ್ನಾನಗೃಹ ಮೊದಲಾದುವು 'ಪೂರಣ'. ಇದು ಒಂದೊಂದು ಸಂಸಾರದ ಇಚ್ಛೆಗೆ ಸೇರಿದುದು, ಬದಲಾಗತಕ್ಕುದು. ಈ ಗೆರೆಯು ಅಧಿಕಾರಗಳ ನಡುವೆ ಎಳೆದುದೆಂಬುದನ್ನು ವಿಶೇಷವಾಗಿ ಲಕ್ಷಿಸಬೇಕು. ವಸ್ತುಗಳ ವಿಭಾಗವು ಅದನ್ನು ಅನುಸರಿಸಿ ಬಂದುದು.

ವಸ್ತುವಿಭಾಗದ ಪ್ರಯೋಜನವು ಸ್ಪಷ್ಟವಾಗಿದೆ. ಕಟ್ಟಡಗಳು ಕಾಲಕ್ರಮದಲ್ಲಿ ಕಲಿಯುವ ಬಗೆಯನ್ನು ಕುರಿತು ೧೯೯೪ರಲ್ಲಿ ಗ್ರಂಥ ರಚಿಸಿದ ಅಮೆರಿಕದ ಸ್ಟೂವರ್ಟ್ ಬ್ರ್ಯಾಂಡರು ಕಟ್ಟಡದ ಪದರಗಳಿಗೆ ಬೇರೆಬೇರೆ ಆಯುಸ್ಸನ್ನು ಹೇಳುತ್ತಾರೆ: ಚೌಕಟ್ಟಿಗೆ ೩೦ರಿಂದ ೩೦೦ ವರ್ಷ, ಹೊರಮೈಗೆ ಸುಮಾರು ೨೦, ಕೊಳವೆ ತಂತಿಗಳಿಗೆ ೭ರಿಂದ ೧೫. ಅಲ್ಪಾಯುವಾದ ಕೊಳವೆಯನ್ನು ದೀರ್ಘಾಯುವಾದ ಗೋಡೆಯಲ್ಲಿ ಹೂಳಿದರೆ, ಕೊಳವೆ ಕೆಟ್ಟಾಗ ಗೋಡೆಯೂ ಒಡೆಯಬೇಕಾಗುತ್ತದೆ. ಪದರಗಳನ್ನು ಬಿಡಿಯಾಗಿಟ್ಟಲ್ಲಿ ಆ ನಷ್ಟವಿಲ್ಲ. ಜಪಾನಿನ ಒಸಾಕಾ ನಗರದಲ್ಲಿ ೧೯೯೩ರಲ್ಲಿ ಮುಗಿದ 'ನೆಕ್ಸ್ಟ್ ೨೧' ಎಂಬ ೧೮ ಮನೆಗಳ ಪ್ರಯೋಗಸೌಧವು ಇದಕ್ಕೆ ನಿದರ್ಶನ. ಅಲ್ಲಿ ಚೌಕಟ್ಟನ್ನು ಮುಟ್ಟದೆಯೇ ಕೆಲವು ಮನೆಗಳ ಒಳರಚನೆಯನ್ನು ಮಾರ್ಪಡಿಸಲಾಗಿದೆ.

ಆದರೆ ಸಿದ್ಧಾಂತವನ್ನು ಇಷ್ಟಕ್ಕೇ ಮುಗಿಸುವುದು ಅದನ್ನು ಅರ್ಧವಾಗಿ ಓದಿದಂತೆ. ಪಾಪೆಂಡ್ರೆಖ್ಟಿನ ಮೋಲನ್‌ಫ್ಲೀಟ್ ಎಂಬಲ್ಲಿ ೧೯೭೦ರ ದಶಕದಲ್ಲಿ ಬಾಡಿಗೆಯ ಮನೆಗಳನ್ನು ರಚಿಸಿದ ಫ್ರಾನ್ಸ್ ಫಾನ್ ಡೆರ್ ವೆರ್ಫರು ಒಂದೊಂದು ಸಂಸಾರದೊಡನೆಯೂ ಕುಳಿತು ಒಳವಿನ್ಯಾಸವನ್ನು ನಿರ್ಣಯಿಸಿದರು. ಮೂಲಗ್ರಂಥದ ಆಶಯವು ಇಲ್ಲಿ ಹೆಚ್ಚು ಪೂರ್ಣವಾಗಿ ಫಲಿಸಿದೆ. ಮನೆಯೊಡೆಯನಲ್ಲದವನಿಗೂ ತನ್ನ ಮನೆಯ ವಿಷಯದಲ್ಲಿ ಮಾತು ದೊರೆಯಿತೆಂಬುದೇ ಇದರ ಹಿರಿಮೆ.

ಗ್ರಂಥದ ದೌರ್ಬಲ್ಯವೂ ಇದೇ ಎಡೆಯಲ್ಲಿದೆ. ಪೂರಣವನ್ನು ಕೈಗಾರಿಕೆಯು ತಯಾರಿಸುವುದೆಂದೂ ನಿವಾಸಿಯು ತನಗೆ ಬೇಕಾದುದನ್ನು ಆರಿಸಿಕೊಳ್ಳುವನೆಂದೂ ಹಾಬ್ರಾಕೆನರು ಭಾವಿಸಿದರು. ಕೊಳ್ಳಲಾರದವನ ಸ್ವಾತಂತ್ರ್ಯವೇನು ಎಂಬ ಪ್ರಶ್ನೆ ಇದರಿಂದ ಉತ್ತರವಿಲ್ಲದೆ ಉಳಿಯುತ್ತದೆ. ಚಿಲಿಯ ಇಕೀಕೆ ನಗರದ ಕಿಂಟಾ ಮೊನ್ರಾಯ್‌ನಲ್ಲಿ ಅಲೆಹಾಂದ್ರೊ ಅರಾವೇನಾ ಮತ್ತು ಅವರ ಸಹೋದ್ಯೋಗಿಗಳು ೨೦೦೪ರಲ್ಲಿ ಸುಮಾರು ೧೦೦ ಬಡ ಸಂಸಾರಗಳಿಗೆ ಕಟ್ಟಿದ ಅರೆಮನೆಗಳು ಈ ಪ್ರಶ್ನೆಯನ್ನು ಎದುರಿಸಿದುವು. ನೆಲವೂ ಸೇರಿ ಸಂಸಾರವೊಂದಕ್ಕೆ ಸರ್ಕಾರದಿಂದ ದೊರೆತುದು ೭,೫೦೦ ಡಾಲರು ಮಾತ್ರ. ಸಂಸಾರವು ತಾನಾಗಿ ಕಟ್ಟಲು ಕಷ್ಟವಾದ ಅರ್ಧವನ್ನು ಕಟ್ಟಿ, ಮಿಕ್ಕ ಅರ್ಧಕ್ಕೆ ತೆರಪು ಬಿಡಲಾಯಿತು. ಇದು ಉಪಾಯವೇ ಸರಿ. ಆದರೆ ತೆರಪನ್ನು ತುಂಬುವ ವೆಚ್ಚವೂ ಶ್ರಮವೂ ಬಡವನ ಪಾಲಿಗೇ ಬಿದ್ದುವೆಂಬುದನ್ನು ಪ್ರಶಂಸೆಯ ನಡುವೆ ಮರೆಯಲಾಗದು. ೨೦೧೬ರಲ್ಲಿ ಅರಾವೇನಾ ಅವರ ಸಂಸ್ಥೆಯು ಇಂತಹ ನಾಲ್ಕು ವಿನ್ಯಾಸಗಳ ನಕ್ಷೆಗಳನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಇದು ಔದಾರ್ಯ. ಆದರೂ ನಕ್ಷೆಯನ್ನು ಓದಬಲ್ಲವನು ಶಿಲ್ಪಿ; ನಿವಾಸಿಗೆ ಅದರೊಡನೆ ನೆಲ, ಹಣ, ನಿರ್ಣಯಾಧಿಕಾರಗಳೂ ಬೇಕು.

ಹೀಗಿರಲು, ಬದಲಾಗಬಲ್ಲ ಕಟ್ಟಡವು ಬಹುಕಾಲ ಬಾಳುವುದು ಅದನ್ನು ಬದಲಿಸುವ ಅಧಿಕಾರವೂ ಸಾಮರ್ಥ್ಯವೂ ವಾಸಿಸುವವರಲ್ಲಿದ್ದಾಗ ಮಾತ್ರ. ಹಾಬ್ರಾಕೆನರು ಅಧಿಕಾರವನ್ನು ಚೆನ್ನಾಗಿ ವಿವೇಚಿಸಿದರು. ಸಾಮರ್ಥ್ಯದ ವಿವೇಚನೆಯನ್ನು ಮುಂದಿನವರಿಗೆ ಉಳಿಸಿದರು. ಶೀರ್ಷಿಕೆಯಿಂದ ಜಾರಿದ 'ಜನರು' ಎಂಬ ಪದವನ್ನು ಮರಳಿ ಕೂಡಿಸಿ ಓದುವವರಿಗೆ ಗ್ರಂಥದ ಗುಣವೂ ಕೊರತೆಯೂ ಒಟ್ಟಿಗೆ ಗೋಚರಿಸುವುವು.