ಕರಿ ಮೈಯ ಕರಿ ಬುಟ್ಟಾ

ಕರಿಚಿರತೆಯನ್ನು ನೋಡಿದರೆ ಓರೆಬಿಸಿಲಿನಲ್ಲೇ ನೋಡಬೇಕು. ನೆರಳಲ್ಲಿದ್ದಾಗ ಅದು ಬರೀ ಕಪ್ಪು. ಒಂದು ಹೆಜ್ಜೆ ಬಿಸಿಲಿಗೆ ಬಂತೋ, ಪಕ್ಕೆಯ ಮೇಲೆ, ಭುಜದ ತಿರುವಿನಲ್ಲಿ, ಕಪ್ಪಿಗಿಂತ ಕಪ್ಪಾದ ಹೂಚುಕ್ಕೆಗಳು ಒಂದೊಂದಾಗಿ ಏಳುತ್ತವೆ. ಬೆಳಗಾವಿಯ ಶಹಾಪುರದ ನೇಕಾರ ಕರಿ ಸೀರೆಗೆ ಕರಿ ರೇಷ್ಮೆಯಲ್ಲೇ ಬುಟ್ಟಾ ತೆಗೆದಂತೆ.

ಬೆಳಗಾವಿ ದಾಟಿ ಖಾನಾಪುರದ ಕಡೆ ಹೊರಟರೆ ಜಾಂಬೋಟಿಯ ಹೊತ್ತಿಗೆ ಬಯಲು ಮುಗಿದು ಕಾಡು ಕವಿಯುತ್ತದೆ. 2011ರಲ್ಲಿ ಅಭಯಾರಣ್ಯವಾದ ಭೀಮಗಡ, ಅದರ ಕೆಳಗೆ ದಾಂಡೇಲಿ, ಅಣಶಿ: ಈ ಸಾಲು ಕಾಡು ಕರಿಚಿರತೆಗೆ ಹೆಸರಾದದ್ದು. ಮಳೆ ಹೆಚ್ಚು, ನೆರಳು ದಟ್ಟ. ಜಗತ್ತಿನ ಚಿರತೆಗಳಲ್ಲಿ ಸುಮಾರು ನೂರಕ್ಕೆ ಹನ್ನೊಂದು ಕಪ್ಪು ಎಂಬ ಅಂದಾಜಿದೆ. ಅವು ಹೆಚ್ಚಾಗಿ ಕಾಣುವುದು ಇಂಥ ತೇವದ ಕಾಡುಗಳಲ್ಲೇ.

ನನಗೆ ರುಚಿಸುವ ಸಂಗತಿಯೆಂದರೆ, ಈ ಕಪ್ಪು ಮೇಲಿಂದ ಬಳಿದದ್ದಲ್ಲ, ಹಳದಿ ಬಾರದೆ ಉಳಿದದ್ದು. ಕೂದಲಿಗೆ ಬಣ್ಣ ಕೊಡುವ ಜೀವಕೋಶಕ್ಕೆ ಕಪ್ಪನ್ನು ಮಾಡುವುದೂ ಗೊತ್ತು, ಹಳದಿಯನ್ನು ಮಾಡುವುದೂ ಗೊತ್ತು. ‘ಕಪ್ಪು ಸಾಕು, ಹಳದಿ ಮಾಡು’ ಎಂಬ ಸೂಚನೆ ಕೊಡುವುದು ಅಗೌಟಿ ಜೀನ್‌ನ ಪ್ರೋಟೀನ್. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಕರಿಚಿರತೆಯ ಆ ಜೀನ್‌ನಲ್ಲಿ ಒಂದೇ ಅಕ್ಷರ ಬದಲಾಗಿ ಪ್ರೋಟೀನ್ ನಡುವೆಯೇ ತುಂಡಾಗಿದೆ. ಸೂಚನೆ ತಲುಪುವುದಿಲ್ಲ; ಕೋಶ ತನ್ನ ಪಾಡಿಗೆ ಕಪ್ಪನ್ನೇ ಮಾಡುತ್ತ ಹೋಗುತ್ತದೆ. ಚುಕ್ಕೆಗಳ ವಿನ್ಯಾಸದ ಉಸಾಬರಿ ಬೇರೆ ಜೀನ್‌ಗಳದ್ದು. ಅವು ತಮ್ಮ ಕೆಲಸ ಚಾಚೂ ತಪ್ಪದೆ ಮಾಡಿರುತ್ತವೆ, ನೋಡುವವರಿಗೆ ಕಾಣಲಿ ಬಿಡಲಿ. ಮಲೇಷ್ಯಾದಲ್ಲಿ ಸಂಶೋಧಕರು ಇದನ್ನೇ ಹಿಡಿದು, ಕಾಡಿನ ಕ್ಯಾಮೆರಾಗಳು ಹಗಲಲ್ಲೂ ಇನ್‌ಫ್ರಾರೆಡ್ ಬೆಳಕು ಚೆಲ್ಲುವಂತೆ ಮಾಡಿದರು. ಚಿತ್ರದಲ್ಲಿ ಚುಕ್ಕೆಗಳೆಲ್ಲ ಸ್ಪಷ್ಟವಾಗಿ ಬಯಲಾದವು. ಒಂದೊಂದು ಕರಿಚಿರತೆಗೂ ಗುರುತು ಸಿಕ್ಕಿತು.

ಇನ್ನು ವಂಶದ ಮಾತು. ಪ್ರತಿ ಜೀನ್‌ಗೂ ಎರಡು ಪ್ರತಿ, ತಾಯಿಯದೊಂದು, ತಂದೆಯದೊಂದು. ಒಂದು ಸರಿಯಿದ್ದರೂ ಹಳದಿ ಬರುತ್ತದೆ. ಬಟಾಣಿ ಬೆಳೆಸಿ 1866ರಲ್ಲಿ ಮೆಂಡೆಲ್ ಬರೆದಿಟ್ಟ ‘ದುರ್ಬಲ ಗುಣ’ದ ಲೆಕ್ಕವೇ ಇದು. ಹಾಗಾಗಿ ಖಾನಾಪುರದ ಕಬ್ಬಿನ ಹೊಲದಂಚಿನಲ್ಲಿ ಹಾದುಹೋದ ಹಳದಿ ಚಿರತೆಯ ಒಳಗೂ ಕಪ್ಪು ಕೂತಿರಬಹುದು, ತಲೆಮಾರುಗಟ್ಟಲೆ ಮುಖ ತೋರಿಸದೆ. ಅಂಥದ್ದೇ ಇನ್ನೊಂದು ಜೊತೆಯಾದರೆ ಹುಟ್ಟುವ ಒಂದೊಂದು ಮರಿಗೂ ಕಪ್ಪಾಗುವ ಸಾಧ್ಯತೆ ಕಾಲುಭಾಗ. ನಾಲ್ಕು ಹುಟ್ಟಿದರೆ ಒಂದು ಕಪ್ಪಾಗಲೇಬೇಕು ಅಂತೇನಿಲ್ಲ; ಒಂದೂ ಆಗದಿರಬಹುದು, ಎರಡೂ ಆಗಬಹುದು. ಸಫಾರಿಯಲ್ಲಿ ‘ಬರೀ ಹಳದೀನೇ ಕಂಡ್ತರೀ’ ಎಂದು ಮುಖ ಸಣ್ಣ ಮಾಡುವವರನ್ನು ಕಂಡರೆ ಇದನ್ನೆಲ್ಲ ಹೇಳಿಬಿಡೋಣ ಅನ್ನಿಸುತ್ತದೆ.

ದಕ್ಷಿಣ ಅಮೆರಿಕದ ಜಾಗ್ವಾರ್‌ನಲ್ಲೂ ಕಪ್ಪುಂಟು. ಆದರೆ ಅಲ್ಲಿ ಬದಲಾದದ್ದು ಬೇರೆಯೇ ಜೀನ್, ಅದೂ ಪ್ರಬಲ. ಒಂದೇ ಪ್ರತಿ ಸಾಕು. ಅದರಿಂದ ಕರಿ ಜಾಗ್ವಾರ್ ಜೋಡಿಗೆ ಹಳದಿ ಮರಿ ಹುಟ್ಟಬಹುದು. ನಮ್ಮ ಕರಿಚಿರತೆ ಜೋಡಿಗೆ ಹುಟ್ಟುವುದೆಲ್ಲ ಕಪ್ಪೇ.